ಕೊಂದವರಿಗಷ್ಟೇ ಕಾಣುವ ಕಲ್ಲು

ಜುಲೈ 28, ಸೋಮವಾರ

ಶ್ರಾವಣದ ಮೊದಲನೇ ಸೋಮವಾರ. ಉಪವಾಸ. ನಸುಕಿನ್ಯಾಗ ನಳ ಬಂತು, ಹಂಡೆ ಕೊಡ ಎಲ್ಲಾ ತುಂಬಿದೆ. ಬಾಗಿಲಿಗಿ ನೀರು ಹಾಕಿ ರಂಗೋಲಿ ಬರದೆ. ಮಳಿ ಬಂದು ತೊಳಕೊಂಡು ಹೋಯ್ತು, ಮತ್ತ ಬರೀಲಿಲ್ಲ. ಸ್ನಾನ, ವಿಭೂತಿ, ಲಿಂಗಪೂಜಿ. ಇವರು ರಾತ್ರಿ ವಾಚಮನ್ ಡ್ಯೂಟಿ ಮುಗಿಸಿ ಬಂದು ಚಾ ಕುಡದು ಮಲಗಿದರು. ಖಾನಾವಳಿಗಿ ಕೊಡೋ ಜೋಳದ ರೊಟ್ಟಿ ಬಡದು ಕಟ್ಟಿಟ್ಟೆ. ಆಮ್ಯಾಗ ಕೈ ತೊಳದು ಮೊಬೈಲ್ ಹಿಡದೆ. ಹಿಟ್ಟಿನ ಕೈಗಿ ಅದು ಮಾತು ಕೇಳಂಗಿಲ್ಲ.

ಹಳೇ ಡೈರಿ ತುಂಬ್ಯಾದ. ಇದು ಹೊಸಾದು. ಹಂಗಾಗಿ ಒಂದ್ಸಲ ಮೊದಲಿಂದ ಬರೀತೀನಿ.

ಆಟದ ಹೆಸರು ರಣಗಡ. ಊರೂರಿನ ಮಂದಿ ಒಂದೇ ಬಯಲಿನ್ಯಾಗ ಕೂಡಿ ಕಡದಾಡೋದು. ನನ್ನ ಮೊಬೈಲಿನ್ಯಾಗ ಹಾಕಿದ್ದು ಮಗಳು ರಂಜನಾ, ಹೋದ ವರ್ಷ ಪಂಚಮಿಗಿ ಬಂದಾಗ. ಅದೇ ಕಡೀ ಸಲ ಅಕಿ ತವರಿಗಿ ಬಂದದ್ದು. ಅಕಿ ಗಂಡನ ಮನಿ ಇರೋ ಕಾಂದಿವಲಿ ಏನು ದೂರ? ನಾವಿರೋ ಮಲಾಡ್ ಬಿಟ್ರ ಮುಂದಿನ ಸ್ಟೇಶನ್. ಅಳಿಯ ಸುಭಾಷ ಕಳಸಂಗಿಲ್ಲ. ಅಕಿ ಮೊಬೈಲಿನ ಸಿಮ್ ತಗದಾನ. ವಾಟ್ಸಪ್ ಕಿತ್ತಾನ. ಮನಿ ವೈಫೈ ಮ್ಯಾಲ ಆಟ ಒಂದು ಬಿಟ್ಟಾನ — ಯಾಕಂದ್ರ ಹಗಲೆಲ್ಲಾ ಅಕಿ ಆಡಿ ಕಬ್ಬಿಣ, ಬಾಣ, ಮೈಗಿ ತೊಡೋ ಚಿಲಖತ್ತು ಗೂಡಿಸಿ ಇಡಬೇಕು, ಸಂಜಿಗಿ ಫ್ಯಾಕ್ಟರಿಯಿಂದ ಬಂದು ಅದೇ ಹೆಸರಿನ್ಯಾಗ ಅಂವ ಆಡ್ತಾನ. ಹೆಸರು 'ಕಿಲ್ಲರ್ ಸುಭಾಷ'. ಹಗಲಿನ್ಯಾಗ ಆ ಹೆಸರಿನ ಒಳಗ ಇರೋದು ನನ್ನ ಮಗಳು.

ಅಕಿದು ಕೆಂಪ ಪಡೆ. ನಂದು ಕರಿ ಪಡೆ. ಪಕ್ಕದ ಖೋಲಿ ಸಪ್ನಾ, ಮಾಲ್‌ನ್ಯಾಗ ಬಟ್ಟಿ ಅಂಗಡಿಗಿ ಹೋಗ್ತಾಳ, ಅಕಿನೇ ನಮ್ಮ ಪಡೆಗಿ ಮುಖ್ಯಸ್ಥಳು. ನನಗ 'ಡಾರ್ಕ್ ಕ್ವೀನ್' ಅಂತ ಹೆಸರಿಟ್ಟಳು. ಹಂಗಂದ್ರೇನು ಅಂದೆ. "ಕಾಳಿ ಸಮಝೋ ಕಾಕಿ" ಅಂದಳು, ಕಾಳಿ ಅಂತ ತಿಳಕೋ ಅಂತ. ನಡೀತದ ಅಂದೆ.

ಆಟದಾಗ ಬರದು ಮಾತಾಡಿದ್ರ ಸುಭಾಷ ತಗದು ನೋಡ್ತಾನ, ಬಾಯಿಬಿಟ್ಟು ಮಾತಾಡಿದ್ರ ಮನ್ಯಾಗಿನ ಅತ್ತಿ ಕೇಳ್ತಾಳ. ನಮ್ಮ ದಾರಿ ಬ್ಯಾರೆ. ರಣಗಡದಾಗ ಸತ್ತವರು ಸ್ವಲ್ಪ ಹೊತ್ತಿನ ಮ್ಯಾಲ ದೂರದ ಕೋಟಿ ಒಳಗ ಮತ್ತ ಎದ್ದು ಬರ್ತಾರ. ಅವರು ಬಿದ್ದ ಜಾಗಾದಾಗ ಒಂದು ವೀರಗಲ್ಲು ಏಳ್ತದ, ನಮ್ಮೂರ ಅಗಸಿ ಬಾಗಿಲ ಮುಂದಿನ ಕಲ್ಲಿನಂಗ. ಸಾಯೋ ಮುಂದ ಅದರ ಮ್ಯಾಲ ಎರಡು ಸಾಲು ಬರೀಲಕ ಬಿಡ್ತಾರ. ಆ ಬರಹ ಕೊಂದವರಿಗಿ, ಕೊಂದವರ ಪಡೆಗಿ ಅಷ್ಟೇ ಕಾಣ್ತದ. ಸ್ವಲ್ಪ ಹೊತ್ತಿಗಿ ಅಳಸಿ ಹೋಗ್ತದ. ಅಂದ್ರ ಮಗಳ ಸುದ್ದಿ ಬೇಕಂದ್ರ ಮಗಳನ್ನ ಕೊಲ್ಲಬೇಕು.

ಕೊಲ್ತೀನಿ. ಮಧ್ಯಾಹ್ನ ಕೆರಿ ದಂಡಿಗಿ ಬಂದು ಕತ್ತಿ ಇಳಿಸಿ ನಿಂದರ್ತಾಳ. ಕೊಡಲಿ ಕುತ್ತಿಗಿ ಮ್ಯಾಲ ಇಳಸ್ತೀನಿ. ಒಂದೇ ಏಟಿಗಿ ಆಗಬೇಕು. ತಪ್ಪಿದ್ರ ಒದ್ದಾಡ್ತಾಳ, ರಕ್ತ ಕೆರಿ ತನಾ ಹರೀತದ — ನೋಡ್ಲಕ ಆಗಂಗಿಲ್ಲ. ಶನಿವಾರ ಕೊಂದಾಗ ಬರದಿದ್ದಳು: 'ಅವ್ವಾ ಉಂಡೀನಿ. ನಿನ್ನ ಪುಂಡಿಪಲ್ಯ ನೆಪ್ಪಾಯ್ತು.' ಇಂಗ್ಲಿಷ್ ಅಕ್ಷರದಾಗ ಕನ್ನಡ ಬರೀತಾಳ. ಒಂದೊಂದೇ ಅಕ್ಷರ ಕೂಡಿಸಿ ಓದ್ತೀನಿ.

ಸೋಮವಾರ ಮಾತ್ರ ಯಾರನ್ನೂ ಕೊಲ್ಲಂಗಿಲ್ಲ. ಉಪವಾಸದ ದಿನ ಕೈ ಎತ್ತಬಾರದು. ನಮ್ಮ ಪಡೆಯ ಅಂಗಾರ ನಗ್ತಾನ. ಉಡುಪಿ ಕಡಿಯಾಂವ, ಫೋರ್ಟ್ ಏರಿಯಾದ ಹೋಟೆಲಿನ್ಯಾಗ ಸಪ್ಲಾಯರ್, ಮಧ್ಯಾಹ್ನದ ಬಿಡುವಿನ್ಯಾಗ ಬರ್ತಾನ. "ಎಂತ ಅಕ್ಕ, ಯುದ್ಧಕ್ಕೂ ವಾರದ ರಜೆ ಉಂಟಾ ಮಾರಾಯ್ರೆ?" ಅಂತಾನ. ಉಂಟು ಅಂದೆ.

ಇವತ್ತೂ ರಂಜನಾ ಬಂದಳು. ಕತ್ತಿ ಇಳಿಸಿ ನಿಂತಳು. ನಾ ಕೈ ಮುಗದೆ. ಕೈ ಮುಗಿಲಕ ಒಂದು ಬಟನ್ ಅದ. ಹೋಗಲಿಲ್ಲ. ಮುಂದ ಮುಂದ ಬಂದಳು. ಜಿಗದಳು. ನನ್ನ ಕೊಡಲಿಗಿ ಎದಿ ಹಚ್ಚಿ ನಿಂತಳು. ಹುಚ್ಚ ಹುಡುಗಿ… ಸೋಮವಾರ ಅಂತ ಗೊತ್ತಿಲ್ಲೇನು? ನಾಳಿ ಬಾ ಅಂತ ಮತ್ತೊಮ್ಮೆ ಕೈ ಮುಗದು ತಿರುಗಿ ಬಂದೆ.

ಸಂಜಿಗಿ ಸಾಬೂದಾಣಿ. ಶಿವಾರ್ಪಣ.


ಜುಲೈ 29, ಮಂಗಳವಾರ. ಪಂಚಮಿ

ಮಣ್ಣಿನ ನಾಗಪ್ಪಗ ಹಾಲೆರದೆ. ನಿನ್ನೇನೇ ಉಂಡಿ ಕಟ್ಟಿದ್ದೆ. ಎಳ್ಳು, ಶೇಂಗಾ, ಪುಠಾಣಿ. ಪುಠಾಣಿದು ರಂಜನಾಗ. ಇವತ್ತ ನೆಲ ಅಗೀಬಾರದು, ಹಂಚು ಇಡಬಾರದು, ಏನೂ ಕೊಯ್ಯಬಾರದು ಅಂತ ನಮ್ಮವ್ವ ಹೇಳ್ತಿದ್ದಳು. ಹಂಚು ಇಡಲಿಲ್ಲ. ಖಾನಾವಳಿಗಿ ರಜೆ.

ಕೆರಿ ದಂಡಿಗಿ ಕಾದೆ. ಬರಲಿಲ್ಲ. ಕಾದು ಕಾದು ತಲಿ ಕೆಡ್ತು, ಕೆಂಪ ಪಡೆಯವರು ಸಿಕ್ಕಸಿಕ್ಕಲ್ಲಿ ಕಡದೆ. ಒಬ್ಬ ಕೋಟಿ ಗ್ವಾಡಿ ಹತ್ತಿ ಓಡ್ಲಕತ್ತಿದ್ದ. ಕಾಲು ಹಿಡದು ಎಳದು, ಬಿದ್ದಂವನ ಬೆನ್ನಿನ್ಯಾಗ ಕೊಡಲಿ ಇಳಿಸಿದೆ. ಕೀಳಲಕ ಕಾಲು ಕೊಡಬೇಕಾಯ್ತು. ಇನ್ನೊಬ್ಬ ಶರಣು ಅಂತ ಎರಡೂ ಕೈ ಎತ್ತಿದ. ಆ ಕೈನೇ ಮೊದಲು ಹಾರಿಸಿದೆ. ಹಬ್ಬದ ದಿನ ಕೊಯ್ಯೋದು ಅಂತೂ ಆಯ್ತು.

ಸಂಜಿಗಿ ಇವರ ಮೊಬೈಲಿಗಿ ಬಸವಂತರಾಯನ ಫೋನು. ರಂಜನಾ ಇರೋ ಬಿಲ್ಡಿಂಗಿನ ವಾಚಮನ್, ನಮ್ಮ ಕಡಿಯಾಂವ. ಸ್ಪೀಕರ್ ಹಾಕಿಸಿದೆ.

"ಶರಣಬಸಪ್ಪಣ್ಣ, ಹ್ಯಾಂಗ ಹೇಳ್ಲಿ ತಿಳೀವಲ್ದು… ನಿಮ್ಮ ಕೂಸು ನಿನ್ನೆ ಸಂಜಿಗಿ ರಿಕ್ಷಾದಾಗ ಹೋಗಿ ಬಂತು. ಬಲಗೈಗಿ ಪ್ಲಾಸ್ಟರ್ ಅದ. ಚೀರಿದ್ದು ಮೂರನೇ ಮಾಳಿಗಿ ತನಾ ಕೇಳ್ಯಾದಂತ."

ಇವರು ಫೋನ್ ಇಟ್ಟು ಗ್ವಾಡಿ ಕಡಿ ತಿರುಗಿ ಅಂದರು: "ಬಾತ್ರೂಮಿನ್ಯಾಗ ಜಾರಿರಬೇಕು."

"ನೀವು ಯಾವತ್ತರೆ ಹಂಗ ಜಾರೀರೇನು, ಮೂರನೇ ಮಾಳಿಗಿಗಿ ಕೇಳೋ ಹಂಗ?"

ಅವರನ್ನೂ ಏನಂತ ಅನ್ನಲಿ? ಹೋದ ವರ್ಷ ದೀಪಾವಳಿ ಆದ ಮ್ಯಾಲ ಪೋಲೀಸರನ್ನ ಕರಕೊಂಡೇ ಹೋಗಿದ್ದೆವು. ಅತ್ತಿ ಪಕ್ಕದಾಗ ನಿಂತಿದ್ದಳು. ರಂಜನಾ ಬಾಗಿಲ ಚೌಕಟ್ಟು ಹಿಡಕೊಂಡು ತಾನೇ ಅಂದಳು: "ಜಾರಿ ಬಿದ್ದೀನಿ. ಇವರು ಯಾಕ ಬಂದಾರ ನನಗ ಗೊತ್ತಿಲ್ಲ."

ನಿನ್ನೆ ಸಂಜಿಗಿ. ಅಂದ್ರ ಮಧ್ಯಾಹ್ನ ನನ್ನ ಕೊಡಲಿಗಿ ಎದಿ ಹಚ್ಚಿ ನಿಂತಳಲ್ಲ…

ಉಂಡಿ ಡಬ್ಬಿ ಮುಚ್ಚಿಟ್ಟೆ.


ಜುಲೈ 31, ಗುರುವಾರ

ಸಪ್ನಾ ಕೆಲಸಕ್ಕ ಹೋಗದೆ ನಮ್ಮ ಖೋಲಿಗಿ ಬಂದು ಅತ್ತಳು. ಯಾರರೆ ಸತ್ತರೇನು ಅಂತ ಕೇಳಿದೆ.

"ಕಾಕಿ, ರಣಗಡ್ ಬಂದ್ ಹೋ ರಹಾ ಹೈ."

ಮೊಬೈಲ್ ತೋರಿಸಿದಳು. ಕಂಪನಿಯವರು ಇಂಗ್ಲಿಷಿನ್ಯಾಗ ಉದ್ದಕ್ಕ ಬರದಾರ. ರೊಕ್ಕ ಹಾಕೋರು ಹಿಂದ ಸರದಾರಂತ. ಆಗಸ್ಟ್ 18ಕ್ಕ ಸಂಜಿ ಐದಕ್ಕ ಸರ್ವರ್ ಆರಸ್ತಾರಂತ. ಆಡಿದವರಿಗೆಲ್ಲಾ ಧನ್ಯವಾದ ಅಂತ.

"ಮತ್ತ ಆಟದಾಗ ಮನಿ ಕಟ್ಟೋದು ಬರ್ತದ ಅಂದಿದ್ದರಲ್ಲ? ದೀಪಾವಳಿಗಿ?"

"ಸಬ್ ಕ್ಯಾನ್ಸಲ್."

ರಂಜನಾ ಒಂದ್ಸಲ ಕಲ್ಲಿನ ಮ್ಯಾಲ ಬರದಿದ್ದಳು: 'ಮನಿ ಬಂದ್ರ ಬಾಗಿಲಕ್ಕ ಒಳಗಿಂದ ಚಿಲಕ ಇರ್ತದಂತ ಅವ್ವಾ.' ಆವಾಗ ನಕ್ಕಿದ್ದೆ. ಆಟದಾಗಿನ ಚಿಲಕ ಏನ್ ಮಾಡ್ತೀ ಹುಚ್ಚಿ ಅಂತ.

ಹದಿನೆಂಟಕ್ಕ ಆಟ ಹೋದ್ರ ಸುಭಾಷ ಅಕಿ ಕೈಯಾಗ ಮೊಬೈಲ್ ಯಾಕ ಬಿಡ್ತಾನ? ನಮಗಿರೋದು ಇದೊಂದೇ ಸಂದಿ. ಅದೂ ಮುಚ್ಚತದ.

ಮಧ್ಯಾಹ್ನ ಪೂಜಿ ಮಾಡ್ಲಕ ಕುಂತೆ, ಮನಸ್ಸು ನಿಲ್ಲಲಿಲ್ಲ. ಕೋಟಿ ಬಾಗಿಲಿಗಿ ಹೋಗಿ ನಿಂತು ಬಂದವರನ್ನೆಲ್ಲಾ ಹೊಡದೆ. ಅಂಗಾರ ಅಂದ: "ಅಕ್ಕ, ಸ್ವಲ್ಪ ಉಸಿರು ಬಿಡಿ. ಅವರು ಎದ್ದು ಬರ್ಲಿಕ್ಕಾದ್ರೂ ಬಿಡಿ."


ಆಗಸ್ಟ್ 2, ಶನಿವಾರ

ಬಂದಳು. ದೂರಿಂದಲೇ ಗೊತ್ತಾಯ್ತು. ಕಿಲ್ಲರ್ ಸುಭಾಷ ಸೊಟ್ಟ ನಡೀಲಕತ್ತಿದ್ದ. ಎಡಗೈಲೇ ಮೊಬೈಲ್ ಹಿಡದು ಆಡ್ಲಕತ್ತಾಳ. ಎರಡು ಹೆಜ್ಜಿ ಮುಂದ, ಒಂದು ಅಡ್ಡ. ಕೆರ್ಯಾಗ ಒಂದ್ಸಲ ಬಿದ್ದೂ ಬಿಟ್ಟಳು.

ಒಂದೇ ಏಟು.

ಕಲ್ಲು ಅರ್ಧ ಎದ್ದು ನಿಂತು ಬಿಡ್ತು. ಬರೀಲಕತ್ತಾಳ ಅಂದ್ರ ಹಂಗ. ಎಡಗೈ, ನಿಧಾನ. ಕೊಡಲಿ ಹಿಡದು ಕಾವಲು ನಿಂತೆ. ಕಲ್ಲು ಪೂರಾ ಎದ್ದ ಮ್ಯಾಲ ಓದಿದೆ:

'ಆವತ್ತ ಸೋಮವಾರ ನಿನಗ ಲಗೂ ಬಾ ಅಂತ ಹೇಳಬೇಕಾಗಿತ್ತು. ಅಂವ ಮುಂಜಾನಿಂದ ಕೈ ಮುರಿತೀನಿ ಅನ್ಲಕತ್ತಿದ್ದ.'

ಮತ್ತ ಮತ್ತ ಓದಿದೆ. ಅಳಸೋ ತನಾ.


ಆಗಸ್ಟ್ 4, ಸೋಮವಾರ

ಉಪವಾಸ. ಪೂಜಿ. ಬಾಯಿ ಬಿಟ್ಟು ಏನೂ ಬೇಡಲಿಲ್ಲ. ಆಟಕ್ಕೂ ಹೋಗಲಿಲ್ಲ. ಹೋದ್ರ ಕೊಂದು ಬಿಡ್ತಿದ್ದೆ. ಶಿವನ ಜೋಡಿ ಮಾತು ಬಿಟ್ಟಂಗ ಆಗ್ಯಾದ.


ಆಗಸ್ಟ್ 6, ಬುಧವಾರ

ಬರೀಬಾರದು ಅಂದ್ಕೊಂಡಿದ್ದೆ. ಬರೀದೇ ಇದ್ರ ನಿದ್ದಿ ಬರಂಗಿಲ್ಲ.

ಕಾಂದಿವಲಿಗಿ ಹೋದೆ. ಇವರಿಗಿ ಹೇಳಲಿಲ್ಲ. ಚೀಲದಾಗ ಖಡಕ್ ರೊಟ್ಟಿ ಕಟ್ಟು, ಪಂಚಮಿ ಉಂಡಿ ಸ್ಟೀಲ್ ಡಬ್ಬಿ. ಸುಭಾಷ ಫ್ಯಾಕ್ಟರಿಗಿ ಹೋಗಿರ್ತಾನ, ಅತ್ತಿ ಒಬ್ಬಾಕಿ ಇರ್ತಾಳ ಅಂದ್ಕೊಂಡಿದ್ದೆ. ಬಾಗಿಲು ತಗದಾಂವ ಅವನೇ. ಇವತ್ತ ಅವರ ಫ್ಯಾಕ್ಟರಿ ಎಸ್ಟೇಟಿನ್ಯಾಗ ಕರೆಂಟ್ ಇಲ್ಲಂತ, ರಜೆ.

"ಬರ್ರಿ ಅತ್ತಿ ಬರ್ರಿ. ಅವ್ವಾ, ಬೀಗ್ತಿ ಬಂದಾರ, ಚಾ ಇಡು."

ಅವನವ್ವ, ನನ್ನ ಬೀಗ್ತಿ, ಟಿವಿ ಮುಂದಿಂದ ಏಳಲಿಲ್ಲ. ರಂಜನಾ ಒಳಗಿಂದ ಬಂದಳು. ಪ್ಲಾಸ್ಟರ್ ಮೊಣಕೈ ತನಾ. ಬೆರಳ ತುದಿ ಕರ್ರಗ. ಗದ್ದದ ಕೆಳಗ ಹಳದಿ ಕಲಿ.

"ಏನಾಯ್ತವ್ವಾ ಕೈಗಿ?"

ಅತ್ತಿ ಕಡಿ ನೋಡಿದಳು. "ಜಾರಿದೆ."

ಸುಭಾಷ ನಕ್ಕ. "ನಿಮ್ಮ ಮಗಳಿಗಿ ನೆಲ ಒಂದು ಹಿಡಸಂಗಿಲ್ಲ ನೋಡ್ರಿ. ಖರೇ ಹೇಳ್ಲ್ಯಾ? ಒಂದು ಮೊಬೈಲ್ ಗೇಮ್ ಅದ. ಒಂದು ಕೆಲಸ ಹಚ್ಚೀನಿ ಇಕಿಗಿ, ಮನ್ಯಾಗ ಕುಂತು ಮಾಡೋದು. ಅದನ್ನರೆ ನೆಟ್ಟಗ ಮಾಡ್ಬೇಕಲ್ಲ? ಯಾವುದೋ ಡಾರ್ಕ್ ಕ್ವೀನ್ ಅಂತ, ಮಗಂದು, ದಿನಾ ಬಂದು ಇಕಿನ್ನ ಕೊಂದು ನನ್ನ ಚಿಲಖತ್ತು ಬಾಚಕೊಂಡು ಹೋಗ್ತದ. ಇಕಿ ಕೈ ಸಡಲ ಬಿಟ್ಟು ನಿಂದರ್ತಾಳ, ಕುರಿ ನಿಂತಂಗ. ಅದಕ್ಕ ಕೈಗಿ ಸ್ವಲ್ಪ ಬುದ್ಧಿ ಕಲಿಸಿದೆ. ಬಾಗಿಲ ಸಂದಿನ್ಯಾಗ ಇಟ್ಟು."

ಅಂವ ಹೇಳೋ ಹೊತ್ತಿನ್ಯಾಗ ನಾ ಮಗಳ ಮುಖ ನೋಡ್ಲಕತ್ತಿದ್ದೆ. ಸಣ್ಣಗ ತಲಿ ಅಲ್ಲಾಡಿಸಿದಳು. ಬ್ಯಾಡ ಅಂತ. ಮಾತಾಡಬ್ಯಾಡ ಅಂತ.

ಕೊಂದಾಗೊಮ್ಮೆ ಸತ್ತವರ ಗಂಟು ಕೊಂದವರಿಗಿ ಬರ್ತದ. ನನಗ ಬಂದಿತ್ತು. ಕಬ್ಬಿಣ, ಚಿಲಖತ್ತು. ನಾ ಅದರ ಕಡಿ ಕಣ್ಣೇ ಹಾಯಿಸಿರಲಿಲ್ಲ. ನನಗ ಬೇಕಾದದ್ದು ಕಲ್ಲು. ಪ್ರತಿ ಸಲ ನಾ ಎರಡು ಸಾಲು ಓದಿ ಖುಷಿ ಪಟ್ಟ ಸಂಜಿಗಿ ಅಕಿ ಬಡಿಸಿಕೊಂಡಾಳ. ಗೊತ್ತಿದ್ದೂ ಮರುದಿನ ಬಂದು ಕತ್ತಿ ಇಳಿಸಿ ನಿಂತಾಳ. ಕೊಂದರೂ ನಾನೇ. ಸೋಮವಾರ ಅಂತ ಕೊಲ್ಲದೇ ಬಿಟ್ಟರೂ ನಾನೇ.

ಏನಾಯ್ತೋ ಗೊತ್ತಿಲ್ಲ. ಕೈಯಾಗಿನ ಚೀಲ ಬೀಸಿದೆ. ಉಂಡಿ ಡಬ್ಬಿ ಇತ್ತಲ್ಲ, ಹುಬ್ಬಿಗಿ ಬಡೀತು. ಹುಬ್ಬು ಒಡದು ರಕ್ತ ಕಣ್ಣಿಗಿ ಇಳೀತು. ಅಂವ ಕಣ್ಣು ಒರಸಿಕೊಳ್ಳೋ ಅಷ್ಟರಾಗ ಇನ್ನೊಮ್ಮೆ. ಮೂಗಿಗಿ. ನನ್ನ ಕೈ ಜೋಳದ ರೊಟ್ಟಿ ಬಡದ ಕೈ. ಕುತ್ತಿಗಿಗಿ ಕೈ ಹಾಕಿ ಒತ್ತಿ ಹಿಡದೆ, ಅವನ ಗಂಟಲ ಬೆರಳಿನ ಕೆಳಗ ಹೊರಳಿದ್ದು ಗೊತ್ತಾಯ್ತು. ಇನ್ನೊಂದು ಸ್ವಲ್ಪ ಒತ್ತಿದ್ರ… ಬೀಗ್ತಿ ನನ್ನ ಜುಟ್ಟು ಹಿಡದು ಹಿಂದಕ್ಕ ಎಳದಳು. ಅಂವ ಎದಿಗಿ ಒದ್ದ. ಚಪ್ಪಲಿ ಸ್ಟ್ಯಾಂಡಿನ ಮ್ಯಾಲ ಬಿದ್ದೆ, ತಲಿ ಹಿಂದ ಒಡೀತು. ರೊಟ್ಟಿ ಕಟ್ಟಿನ ಮ್ಯಾಲ ನಿಂತು ತುಳದ. ಪುಡಿ ಪುಡಿ ಆಯ್ತು. ಡಬ್ಬಿ ತೆರಕೊಂಡು ಉಂಡಿ ಮನಿ ತುಂಬ ಉರುಳ್ಯಾಡಿದವು.

ರಂಜನಾ ಅಲ್ಲಾಡಲಿಲ್ಲ. ಗ್ವಾಡಿಗಿ ಅಂಟಿಕೊಂಡು ನಿಂತಿದ್ದಳು. ಪುಠಾಣಿ ಉಂಡಿ ಒಂದು ಅಕಿ ಕಾಲಿಗಿ ಬಂದು ನಿಂತಿತ್ತು.

ಬಸವಂತರಾಯ ಮ್ಯಾಲ ಓಡಿ ಬಂದು ನನ್ನನ್ನ ಎಬ್ಬಿಸಿಕೊಂಡು ಹೋದ. ಬಾಗಿಲು ಹಾಕಿದರು. ಎರಡನೇ ಮೆಟ್ಟಲ ಇಳಿಯೋದ್ರಾಗ ಒಳಗಿಂದ ಚೀರಿದ್ದು ಕೇಳ್ತು. ತಿರುಗಿ ಹೋಗಿ ಬಾಗಿಲು ಗುದ್ದಿದೆ. ಬಸವಂತರಾಯ ಹಿಡಕೊಂಡ. "ಅಕ್ಕಾ, ನೀ ಗುದ್ದಿದಷ್ಟೂ ಅಕಿಗಿ ಬೀಳ್ತಾವ. ನಡಿ."

ನಡದೆ.


ಆಗಸ್ಟ್ 7

ಇವರು ತಲಿಗಿ ಅರಿಶಿಣ ಹಚ್ಚಿ ಬಟ್ಟಿ ಕಟ್ಟಿದರು. ಬೈಲಿಲ್ಲ. ಒಂದೇ ಮಾತು ಕೇಳಿದರು: "ಕುತ್ತಿಗಿ ಯಾಕ ಬಿಟ್ಟಿ?"

ಇಷ್ಟು ವರ್ಷದಾಗ ಈ ಮನಷಾ ಹಿಂಗ ಮಾತಾಡಿದ್ದು ಕೇಳಿಲ್ಲ.


ಆಗಸ್ಟ್ 13, ಬುಧವಾರ

ಇಷ್ಟು ದಿನ ರಂಜನಾ ಬರಲಿಲ್ಲ. ಕಿಲ್ಲರ್ ಸುಭಾಷ ಸಂಜಿಗಷ್ಟೇ ಬರ್ತಿದ್ದ, ನೆಟ್ಟಗ ನಡೀತಿದ್ದ. ಅಂದ್ರ ಅದು ಅಳಿಯನೇ. ಕೋಟಿ ಕತ್ತಲಿನ್ಯಾಗ ಅವನ ಹಿಂದ ಹಿಂದ ನಡದೆ. ಬೆನ್ನು ನನ್ನ ಕಡಿ ಇತ್ತು. ಕೊಡಲಿ ಎತ್ತಲಿಲ್ಲ. ಎತ್ತಿದ್ರ ಯಾರ ಮೈಮ್ಯಾಲ ಬೀಳ್ತದ ಅಂತ ಈಗ ಗೊತ್ತದ.

ಇವತ್ತ ಮಧ್ಯಾಹ್ನ ಸೊಟ್ಟ ನಡಿಗಿ ಕಾಣ್ತು. ಜೀವ ಬಂತು. ಕೆರಿ ದಂಡಿಗಿ ಬಂದು ಕತ್ತಿ ಇಳಿಸಿದಳು. ಕೊಲ್ಲು ಅಂತ.

ಇಲ್ಲ. ನಾ ಕೊಡಲಿ ಇಟ್ಟು ಮೊಣಕಾಲೂರಿ ಕುಂತೆ. ನೀ ಕೊಲ್ಲು. ನಾ ಸತ್ತರ ನನ್ನ ಗಂಟು ನಿನಗ ಬರ್ತದ, ಅಂವ ಖುಷಿ ಆಗ್ತಾನ, ನನ್ನ ಕಲ್ಲು ನಿನಗ ಕಾಣ್ತದ. ನಿನ್ನ ಮಾತು ನನಗ ಬರಂಗಿಲ್ಲ, ಆದ್ರ ನಂದರೆ ಮುಟ್ತದ.

ತಿಳಕೊಳ್ಳಲಕ ಹೊತ್ತು ಹಿಡೀತು. ಆಮ್ಯಾಗ ಹೊಡದಳು. ಎಡಗೈ ಏಟು. ಕುತ್ತಿಗಿಗಿ ಬೀಳಬೇಕಾದ್ದು ಮೊಣಕಾಲಿಗಿ, ಭುಜಕ್ಕ, ಕಿವಿಗಿ. ಒಂದೊಂದೇ ತುಂಡು ಮಾಡಿದಂಗ. ಪರದೆ ಪೂರಾ ಕೆಂಪು. ಸಪ್ನಾ ನೋಡ್ಲಕ ಆಗದೆ ಹೊರಗ ಹೋದಳು. ನಾ ಕುಂತಿದ್ದೆ. ಹೊಡಿ ನನ್ನವ್ವ, ಹೊಡಿ, ಕಲೀತಿ.

ಕಲ್ಲಿನ ಮ್ಯಾಲ, ಸಪ್ನಾ ಮೊದಲೇ ಬರದು ಕೊಟ್ಟಿದ್ದ ಅಕ್ಷರ ನೋಡಿ ಒತ್ತಿದೆ: 'ನನಗ ಗೊತ್ತಿರಲಿಲ್ಲ. ಕಡೀ ದಿನದ ತನಾ ನಾ ನಿನ್ನ ಕೊಲ್ಲಂಗಿಲ್ಲ.'


ಆಗಸ್ಟ್ 15, ಶುಕ್ರವಾರ

ಕೋಟಿ ಮುಂದಿನ ಬಯಲಿನ್ಯಾಗ ಎರಡೂ ಪಡೆಯವರು ಸೇರಿದ್ದರು. ಹತಾರ ಕೆಳಗಿಟ್ಟು ಕುಂತರು. ಯಾರು ಹೇಳಿದ್ದೋ ಗೊತ್ತಿಲ್ಲ, ಎಲ್ಲಾರೂ ಒಂದೊಂದು ಹೇಳ್ಬೇಕು — ಈ ಆಟ ಸಾಯದಿದ್ರ ಏನಾಗಬೇಕಿತ್ತು ಅಂತ.

ಸಪ್ನಾ ಅಂದಳು: ದೊಡ್ಡ ಸ್ಟೇಜು, ಲೈಟು, ಫೈನಲ್ ಮ್ಯಾಚು, ತಾನು ಕ್ಯಾಪ್ಟನ್, ಅಪ್ಪ ಅವ್ವ ಮುಂದಿನ ಕುರ್ಚಿನ್ಯಾಗ. ಕೆಂಪ ಪಡೆಯ ನಾಗಪುರದ ಒಬ್ಬ: ಸವಾರ ಸತ್ತರ ಗುರುತು ಹಿಡದು ಹುಡಕೊಂಡು ಬರೋ ಕುದುರಿ ಬೇಕಿತ್ತಂತ. ಅಂಗಾರ ಶುರು ಮಾಡಿದ: "ನನಗೆ ಸಮುದ್ರ ಬೇಕಿತ್ತು ಮಾರಾಯ್ರೆ. ಹಡಗು ಬರ್ತದೆ ಅಂತ ಚಿತ್ರ ಹಾಕಿದ್ರಲ್ಲ? ನಮ್ಮ ಅಪ್ಪ ಬೋಟಿನಲ್ಲಿ ಇದ್ದದ್ದು. ನಾನು ಪ್ಲೇಟು ಎತ್ತುವವ. ಒಂದು ಸಲ ಹಡಗು ನಡೆಸಿ—"

ನನ್ನ ಪಾಳಿ ಬಂದಾಗ, ದನಿ ಯಾರೂ ಗುರುತು ಹಿಡೀಬಾರದು ಅಂತ ಸಪ್ನಾ ಕೈಲೇ ಹೇಳಿಸಿದೆ: ಗುಡಿ. ಒಂದು ಗುಡಿ ಇರಬೇಕಿತ್ತು. ಅದರ ಹೊಸ್ತಿಲ ದಾಟಿದ ಮ್ಯಾಲ ಯಾರೂ ಯಾರ ಮ್ಯಾಲೂ ಕೈ ಎತ್ತಲಕ ಬರಬಾರದು.

ಕಿಲ್ಲರ್ ಸುಭಾಷನೂ ಇದ್ದ. ನೆಟ್ಟಗ ನಿಂತಿದ್ದ. ರಜೆ, ಅವನೇ. ಅಂವ ಬಾಯಿಬಿಟ್ಟು ಅಂದ, ಅವನ ದನಿ ನನ್ನ ಮೊಬೈಲಿನ್ಯಾಗ, ನನ್ನ ಖೋಲಿನ್ಯಾಗ: "ನಾ ಒಂದನೇ ನಂಬರಿಗಿ ಬರ್ತಿದ್ದೆ. ಮನ್ಯಾಗ ಒಂದು ದರಿದ್ರ ಇಟ್ಕೊಂಡೀನಿ, ಅದರಿಂದ ಹೋಯ್ತು."

ನನ್ನಿಂದ ಒಂದು ಮಾರು ದೂರ. ತಲಿ ಎರಡು ಹೋಳು ಮಾಡೋದು ಎಷ್ಟೊತ್ತು? ಹೆಬ್ಬೆರಳು ಬಟನ್ ಮ್ಯಾಲ ಇತ್ತು. ಮೊಬೈಲ್ ನೆಲಕ್ಕ ಇಟ್ಟೆ. ಎರಡೂ ಕೈ ತೊಡಿ ಕೆಳಗ ಹಾಕಿಕೊಂಡು ಕುಂತೆ.

ಅಷ್ಟರಾಗ ಯಾವನೋ ಬಾಣ ಬಿಟ್ಟ. ಅಂಗಾರನ ಗಂಟಲಿಗಿ ನಟ್ಟಿತು. ಆಮ್ಯಾಗ ಕೇಳಬ್ಯಾಡ. ಕುಂತವರು ಕುಂತಲ್ಲೇ ಹೋದರು. ನಾಗಪುರದಾಂವ ಸಪ್ನಾನ್ನ ಕಡದ, ಸಪ್ನಾ ಬೀಳ್ತಾ ಬೀಳ್ತಾ ಅವನ ಹೊಟ್ಟಿ ಸೀಳಿದಳು. ಬಯಲು ತುಂಬ ಕಲ್ಲು ಎದ್ದವು.

ನಿನ್ನ ಕಲ್ಲಿನ ಮ್ಯಾಲ ಏನು ಬರದೆ ಅಂತ ಅಂಗಾರನ್ನ ಕೇಳಿದೆ.

"ಹಡಗು ಅಂತ. ಅಷ್ಟೇ ಅಕ್ಕ."


ಆಗಸ್ಟ್ 17, ಐತವಾರ

ಮುಂಜಾನಿಂದ ಮಳಿ ಬಿಟ್ಟಿಲ್ಲ. ಇವರು, ಸಪ್ನಾ, ನಾನು ಕುಂತು ಮಾತಾಡಿದೆವು.

ನಾಳಿ ಐದಕ್ಕ ಆಟ ಸಾಯ್ತದ. ಚಿಲಖತ್ತು, ಕಬ್ಬಿಣ ಎಲ್ಲಾ ಅದರ ಜೋಡಿ ಹೋಗ್ತದ. ಅಂದ್ರ ನಾಳಿ ಒಂದಿನ ನಾ ರಂಜನಾನ್ನ ಕೊಂದ್ರೂ ಅಂವ ಅಕಿನ್ನ ಲೆಕ್ಕ ಕೇಳಂಗಿಲ್ಲ. ನಾಳಿ ಒಂದಿನ ಅಕಿ ಮಾತು ನಮಗ ಮುಟ್ಟಬಹುದು. ನಾಳಿ ಸೋಮವಾರ.

ಇವರು ರಜೆ ಹಾಕ್ಯಾರ. ನಾಳಿ ಮೂರಕ್ಕ ಕಾಂದಿವಲಿಗಿ ಹೋಗಿ ಬಸವಂತರಾಯನ ಕ್ಯಾಬಿನ್ನಿನ್ಯಾಗ ಕುಂದರ್ತಾರ. ಸುಭಾಷ ಬರೋದು ಆರರ ಮ್ಯಾಲ. ರಂಜನಾ ಹೂಂ ಅಂದ್ರ ಮ್ಯಾಲ ಹೋಗಿ ಕೈ ಹಿಡದು ಕರಕೊಂಡು ಬರೋದು, ಬೀಗ್ತಿ ಎಷ್ಟೇ ಒದರಲಿ. ಅಕಿ ಹೂಂ ಅನ್ನದೇ ಹೋದ್ರ ಹೋದ ವರ್ಷದಂಗ ಚೌಕಟ್ಟು ಹಿಡಕೊಂಡು ಜಾರಿ ಬಿದ್ದೆ ಅಂತಾಳ. ಬೀಗ್ತಿ ಮುಂದ ಕೇಳಿದ್ರೂ ಅದೇ ಅಂತಾಳ. ಯಾರೂ ಇಲ್ಲದಲ್ಲಿ ಅಕಿನೇ ಹೇಳ್ಬೇಕು.

"ಲಾಠಿ ಒಯ್ಬ್ಯಾಡ್ರಿ" ಅಂದೆ.

"ವಾಚಮನ್‌ನ ಕೈಯಾಗ ಲಾಠಿ ಇದ್ರ ಯಾರು ಏನು ಕೇಳ್ತಾರ?" ಅಂದರು.

ಸುಭಾಷ ಊಟಕ್ಕ ಹೊರಗ ಹೋಗ್ಯಾನ ಅಂತ ಬಸವಂತರಾಯನ ಫೋನ್ ಬಂತು. ಕೆರಿಗಿ ಓಡಿದೆ. ಇದ್ದಳು. ಮೊಣಕಾಲೂರಿದೆ. ಇವತ್ತ ಎರಡೇ ಏಟಿಗಿ ಕೊಂದಳು. ಕೈ ಕುದರ್ಯಾದ. ಕಲ್ಲಿನ ಮ್ಯಾಲ ಬರದೆ:

'ನಾಳಿ ನಾಕಕ್ಕ ಇಲ್ಲೇ. ಅಪ್ಪ ಕೆಳಗ ಇರ್ತಾನ. ಬರ್ತೀ ಏನು, ಬ್ಯಾಡೇನು. ಒಂದು ಹೇಳು.'

ನಮ್ಮ ಪಡೆಯವರಿಗಿ ನಾನು ಬಿದ್ದದ್ದಷ್ಟೇ ಕಂಡದ. ಬರದದ್ದು ಕಂಡಿಲ್ಲ. ಅಂಗಾರ ಅಂದ: "ನಾಳೆ ನಿಮ್ಮ ಸೋಮವಾರ ಅಲ್ವಾ ಅಕ್ಕ. ಹೊಡೆಯೋದು ಇದ್ರೆ ಹೇಳಿ, ನಾನು ಹೊಡಿತೇನೆ." ಸಪ್ನಾನೂ ಅದೇ ಅಂದಳು.

ಬ್ಯಾಡ. ನನ್ನ ಮಗಳ ಮ್ಯಾಲ ಬ್ಯಾರೆಯವರ ಏಟು ಬ್ಯಾಡ.


ಆಗಸ್ಟ್ 18, ಸೋಮವಾರ

ಶ್ರಾವಣದ ಕಡೀ ಸೋಮವಾರ. ಉಪವಾಸ. ನೀರು ತುಂಬಿದೆ. ರೊಟ್ಟಿ ಬಡದೆ. ಪೂಜಿಗಿ ಕುಂತು ಶಿವನ ಮುಂದ ಹೇಳಿದೆ: ಇವತ್ತ ಕೈ ಎತ್ತತೀನಿ. ಕೇಳಲಿಲ್ಲ, ಹೇಳಿದೆ. ಪಾಪ ಇದ್ರ ನನ್ನ ಲೆಕ್ಕಕ್ಕ ಹಾಕು, ಅಕಿದಕ್ಕ ಹಾಕಬ್ಯಾಡ. ಮಳಿ ಹಂಗೇ ಅದ. ಲೋಕಲ್ ಲೇಟ್ ನಡದಾವಂತ. ಇವರು ಮಧ್ಯಾಹ್ನನೇ ಹೋದರು. ಬಸವಂತರಾಯ ಹೇಳ್ಯಾನ, ಸುಭಾಷ ಮುಂಜಾನಿ ಫ್ಯಾಕ್ಟರಿಗಿ ಹೋದಾಂವ ತಿರುಗಿ ಬಂದಿಲ್ಲ.

ಸಂಜಿ 4.40

ಕೈಗಿ ಈಗ ಬ್ಯಾರೆ ಕೆಲಸ ಇಲ್ಲ. ಅದಕ್ಕೇ ಬರೀಲಕತ್ತೀನಿ. ಬರದ್ರ ಕಣ್ಣು ಪರದೆ ಕಡಿ ಹೋಗಂಗಿಲ್ಲ.

ನಾಕಕ್ಕ ಹೋದ್ರ ರಣಗಡ ಪೂರಾ ಬೆಂಕಿ. ಕಡೀ ದಿನ ಅಂತ ಎಲ್ಲಾರೂ ಎಲ್ಲಾರನ್ನೂ ಕೊಲ್ಲಕತ್ತಾರ. ತಮ್ಮ ಪಡೆಯವರನ್ನೂ ಬಿಡವಲ್ಲರು. ಕೋಟಿ ಬಾಗಿಲು ಸುಟ್ಟು ಬಿದ್ದದ. ಹೆಣ ದಾಟಿ ದಾಟಿ ಕೆರಿಗಿ ಬಂದೆ. ಅಡ್ಡ ಬಂದವರನ್ನ ಕಡಿತಾ ಬಂದೆ, ಉಪವಾಸದ ಕೈಲೇ. ರಂಜನಾ ಇರಲಿಲ್ಲ. ಕಾದೆ. ಕಾಲು ತಾಸು, ಅರ್ಧ ತಾಸು. ಬಂದಳು. ಸೊಟ್ಟ ಸೊಟ್ಟ. ಬೆನ್ನಿನ್ಯಾಗ ಎರಡು ಬಾಣ ನಟ್ಟಿದ್ದವು, ಹಂಗೇ ಬಂದಳು. ನನ್ನ ಮುಂದ ಕತ್ತಿ ಇಳಿಸಿದಳು. ಕೈ ಮುಗದಳು. ಅದು ನನ್ನ ಬಟನ್. ಅಕಿ ಯಾವತ್ತೂ ಒತ್ತಿದ್ದಿಲ್ಲ.

ಕೊಡಲಿ ಎತ್ತಿದೆ. ಒಂದೇ ಏಟು. ನನ್ನ ಮಗಳ ತಲಿ ಕೆರಿ ನೀರಿನ್ಯಾಗ ಬಿತ್ತು.

ಕಲ್ಲು ಅರ್ಧ ಎದ್ದು ನಿಂತಿತು. ಬರೀಲಕತ್ತಾಳ. ಬರಿ, ಲಗೂ ಬರಿ. ಕೆಂಪ ಪಡೆಯವರು ದಂಡಿ ಮ್ಯಾಲಿಂದ ಇಳದು ಬಂದರು. ಕಲ್ಲಿಗಿ ಬೆನ್ನು ಹಚ್ಚಿ ನಿಂತು ಹೊಡದೆ. ಒಬ್ಬನ ಮುಖ ಹೋಯ್ತು, ಒಬ್ಬನ ಕಾಲು. ಒಬ್ಬನ್ನ ಕೆರ್ಯಾಗ ತಳ್ಳಿ ತುಳದು ಹಿಡದೆ, ಗುಳ್ಳಿ ನಿಲ್ಲೋ ತನಾ. ಪಕ್ಕೆಗಿ ಒಂದು ಭರ್ಜಿ ಬಂತು. ಇನ್ನೊಂದು ಹೊಟ್ಟಿಗಿ. ಬಿದ್ದೆ. ಬೀಳೋ ಮುಂದ ಕಂಡದ್ದು — ಕಲ್ಲು ಪೂರಾ ಎದ್ದಿತು. ಓದೋ ಅಷ್ಟರಾಗ ಕತ್ತಲ.

ನನಗೂ ಎರಡು ಸಾಲು ಬರಿ ಅಂತು. ಏನೂ ಬರೀಲಿಲ್ಲ.

ಸತ್ತವರು ಎದ್ದು ಕೋಟಿಯಿಂದ ಕೆರಿಗಿ ಬರಬೇಕಂದ್ರ ಐದು ದಾಟ್ತದ. ಐದಕ್ಕ ಏನೂ ಇರಂಗಿಲ್ಲ.

ಸಪ್ನಾ ನನ್ನ ಪಕ್ಕದಾಗ ಕುಂತು ತನ್ನ ಮೊಬೈಲಿನ್ಯಾಗ ಓಡ್ಲಕತ್ತಾಳ. ಅಕಿ ನಮ್ಮ ಪಡೆ, ಅಕಿಗಿ ಆ ಕಲ್ಲು ಕಾಣ್ತದ. ಕೆರಿಗಿ ಬರೋ ದಾರಿನ್ಯಾಗಿನ ಸೇತುವಿ ತನಾ ಬಂದಾಳ. ಸೇತುವಿ ಮ್ಯಾಲ ಅಂಗಾರ ಒಬ್ಬನೇ ನಿಂತು ಬಂದವರನ್ನ ತಡೀಲಕತ್ತಾನ. ಅವನ ದನಿ ಕೇಳ್ಲಕತ್ತದ: "ನೀನು ಓಡು ಮಾರಾಯ್ತಿ, ತಿರುಗಿ ನೋಡಬೇಡ, ನನ್ನ ಮೇಲೆ ಹತ್ತಿ ಹೋಗು!" ಅವನ ಮೈಯಾಗ ಎಷ್ಟು ಬಾಣ ಅಂತ ಕಾಣವಲ್ದು.

ನನ್ನ ಮೊಬೈಲಿನ್ಯಾಗ ಇವರು ಲೈನಿನ ಮ್ಯಾಲ ಇದ್ದಾರ. ಉಸಿರು ಕೇಳ್ತದ, ಮಳಿ ಕೇಳ್ತದ.

"ಏನಂದಳು? ಹೋಗ್ಲ್ಯಾ?"

"ತಡೀರಿ."

"ಲೇ, ಬಸವಂತರಾಯ ಗೇಟಿನ ಕಡಿ ನೋಡಿ ಏನೋ ಕೈ ಮಾಡ್ಲಕತ್ತಾನ. ಯಾವುದೋ ರಿಕ್ಷಾ ನಿಂತದ—"

"ತಡೀರಿ ಅಂದೆ!"

ಪರದೆ ನೋಡ್ಲಕ ಧೈರ್ಯ ಇಲ್ಲ. ಕಣ್ಣು ಈ ಹಾಳಿ ಮ್ಯಾಲ ಇಟ್ಟೀನಿ. ಸಪ್ನಾ, ನನ್ನವ್ವ, ಕೆರಿ ಬಂತೇನು? ಹೂಂ ಇರಲಿ ಬ್ಯಾಡ ಇರಲಿ, ಅಕಿ ಬರದದ್ದು ಇದ್ದಂಗ ಓದಿಕೊಂಡು ಬಾ, ಒಂದಕ್ಷರ ಬಿಡಬ್ಯಾಡ, ನನ್ನ ಮಗಳ ಉತ್ತರ ತಂದು ಕೊಡು, ಲಗೂ, ಇವರು ಮೆಟ್ಟಲ ಮ್ಯಾಲ ಓಡಿದ ಸಪ್ಪಳ ಕೇಳ್ಲಕತ್ತದ—